ಸ್ಟ್ಯಾಂಡಿನವನ ಲೆಕ್ಕ

ಗುರುವಾರ ಸಂಜೆ ಮ್ಯಾನೇಜರ್ ಕುವೆಲ್ಲೊ ಕೆಳಗಿಳಿದು ಬಂದು
ಬೀಡಿಗೆ ಬೆಂಕಿ ಕೇಳಿದ ಹಾಗೆ ಕೇಳುತ್ತಾರೆ:
"ದೂಮಣ್ಣ, ಎಷ್ಟು ವಾರ?"

ಹಂಪನಕಟ್ಟೆಯ ಈ ಟಾಕೀಸಿನ ಬದಿಯಲ್ಲಿ
ಇಪ್ಪತ್ತೊಂಬತ್ತು ವರ್ಷದಿಂದ ಗಾಡಿ ಕಾಯುವವ ನಾನು.
ಒಳಗೆ ಕೂತು ಪೂರ್ತಿ ನೋಡಿದ ಸಿನೆಮಾ ಏಳೋ ಎಂಟೋ.
ಆದರೂ ಜನ ಹೊರಗೆ ಬಂದು ಕಿಕ್ ಹೊಡೆಯುವ ರೀತಿ ಉಂಟಲ್ಲ,
ಅದರಲ್ಲಿ ಗೊತ್ತಾಗುತ್ತದೆ.
ಬೇಸರವಾದವನ ಗಾಡಿ ಒಂದೇ ಏಟಿಗೆ ಸ್ಟಾರ್ಟ್.
ಖುಷಿಯಾದವ ನಿಂತು ಕೀ ಹುಡುಕುತ್ತಾನೆ,
ಕೀ ಅವನ ಬೆರಳಲ್ಲೇ ತೂಗುತ್ತಿರುತ್ತದೆ.

ಆದರೆ ಅದು ನಾಳಿನ ಮಾತು.
ಇನ್ನೂ ಯಾರೂ ಒಳಗೆ ಹೋಗಿಲ್ಲ.

ಮೇಲೆ ಪೋಸ್ಟರಿನಲ್ಲಿ ನೀಲಿ ಮುಸುಕಿನವ.
ಮೂರನೆಯ ಸಲ.
ಮೊದಲಿನವನದ್ದು ಅಗಲ ದವಡೆ,
ಎರಡನೆಯವ ಸ್ವಲ್ಪ ಅಳುಮುಖ,
ಇವನ ಗಲ್ಲ ನೋಡಿದರೆ ಕಾಲೇಜಿಗೆ ಈಗಷ್ಟೇ ಸೇರಿದ ಹಾಗೆ.
ಉಳಿದದ್ದೆಲ್ಲ ಅದೇ. ಅದೇ ನಗರ, ಅದೇ ಎತ್ತರದ ಕಟ್ಟಡ,
ಅದೇ ಅಪ್ಪ, ಇಂಟರ್ವೆಲ್ಲಿಗೆ ಮೊದಲು ಸಾಯುವುದಕ್ಕೆ.
ಮಗ ಹಾರಿದ್ದನ್ನು ನೋಡಲು ಅವನನ್ನು
ಇದುವರೆಗೆ ಯಾರೂ ಬಿಟ್ಟಿಲ್ಲ.

"ಓಡುವುದಿಲ್ಲ" ಅನ್ನುತ್ತಾನೆ ಕ್ಯಾಂಟೀನಿನ ಅದ್ರಾಮ.
ಗೋಳಿಬಜೆಗೆ ಹಿಟ್ಟು ಅರ್ಧವೇ ಕಲಸುತ್ತಾನಂತೆ.
"ಗೊತ್ತಿರುವ ಕಥೆಗೆ ದುಡ್ಡು ಕೊಡುವವ ಯಾರು ಮಾರಾಯ?"

ಈ ಊರಿನಲ್ಲಿ ನಿಂತು ಆಡುವ ಮಾತಾ ಅದು?
ಮೊನ್ನೆ ಪಡುಬಿದ್ರಿಯ ಗದ್ದೆಯಲ್ಲಿ ಸತ್ತ ರಕ್ಕಸ
ನಾಳೆ ಮುಲ್ಕಿಯಲ್ಲಿ ಮತ್ತೆ ಸಾಯುತ್ತಾನೆ,
ಬೆಳಗಿನ ಜಾವ ನಾಲ್ಕಕ್ಕೆ, ಚೆಂಡೆಯ ಪೆಟ್ಟಿಗೆ ಸರಿಯಾಗಿ.
ಚಾಪೆ ಸುತ್ತಿಕೊಂಡು ಹೊರಟವರು ಕೇಳುವುದು ಒಂದೇ:
ಇವತ್ತಿನ ರಕ್ಕಸ ಯಾರು?

ಹಾಗಂತ ಅದ್ರಾಮನದ್ದು ಪೂರಾ ಸುಳ್ಳೂ ಅಲ್ಲ.
ಎರಡನೆಯದು ಬಂದಾಗ ನಾನು ಮೂರು ವಾರ ಅಂದಿದ್ದೆ.
ಸೋಮವಾರ ಸ್ಟ್ಯಾಂಡಿನಲ್ಲಿ ಹನ್ನೊಂದು ಗಾಡಿ,
ಅದರಲ್ಲಿ ಎರಡು ಎದುರಿನ ಬ್ಯಾಂಕಿನವರದ್ದು.
ಕುವೆಲ್ಲೊ ಏನೂ ಹೇಳಲಿಲ್ಲ.
ಬೈದಿದ್ದರೆ ಮರೆತುಹೋಗುತ್ತಿತ್ತು.

ಈ ಸಲ ಊರು ಸುತ್ತಿ ಬಂದೆ.
ಕಾರ್‌ಸ್ಟ್ರೀಟಿನ ಅಂಗಡಿಯಲ್ಲಿ ನೀಲಿ ಮುಸುಕು ನೇತುಹಾಕಿದ್ದಾರೆ,
ಇನ್ನೂರೈವತ್ತು ರೂಪಾಯಿ, ಸಣ್ಣ ಸೈಜು ಖಾಲಿ.
ಒಳ್ಳೆಯ ಲಕ್ಷಣ.
ಬಂದರಿನಲ್ಲಿ ದೋಣಿ ತುಂಬಿ ಬಂದಿದೆ, ಬಂಗುಡೆ ಅಗ್ಗ.
ಮೀನು ಅಗ್ಗವಾದ ವಾರ ಟಿಕೇಟಿಗೆ ಕಾಸು ಉಳಿಯುತ್ತದೆ.
ಹುಡುಗರನ್ನು ಮಾತ್ರ ಓದಲಾಗಲಿಲ್ಲ.
ಟ್ರೇಲರನ್ನು ಹೆಬ್ಬೆರಳಲ್ಲಿ ಮುಂದಕ್ಕೆ ದೂಡಿ ನೋಡುತ್ತಾರೆ,
ಥೂ, ಅದೇ ಹಳೇದು ಅನ್ನುತ್ತಾರೆ,
ಅನ್ನುತ್ತಲೇ ನಾಲ್ಕು ಸೀಟು ಬುಕ್ ಮಾಡುತ್ತಾರೆ.

ಮೊದಲನೆಯದು ಬಂದಾಗ ಒಬ್ಬ ಹುಡುಗ ಇದ್ದ,
ಅಪ್ಪನ ಲೂನಾದ ಹಿಂದೆ, ಕುತ್ತಿಗೆಗೆ ಬೈರಾಸು ಗಂಟುಹಾಕಿಕೊಂಡು.
ಶೋ ಬಿಟ್ಟಾಗ ಲೂನಾ ಕೈಕೊಟ್ಟಿತು.
ಅಪ್ಪ ಪೆಡಲು ತುಳಿದು ಬೆವರಿದ, ಹುಡುಗ ಹಿಂದಿನಿಂದ ದೂಡಿದ,
ಗೇಟು ದಾಟುವಾಗ ಇಂಜಿನು ಕೆಮ್ಮಿ ಎದ್ದಿತು.
"ನಾನೇ ಹಾರಿಸಿದ್ದು!" ಎಂದು ಅವನು ಕಿರುಚಿದ್ದು
ಲೈಟ್‌ಹೌಸ್ ಗುಡ್ಡೆಯವರೆಗೆ ಕೇಳಿರಬೇಕು.

ಇವತ್ತು ಮಧ್ಯಾಹ್ನ ಮುಂಗಡ ಟಿಕೇಟಿಗೆ ಬಂದಿದ್ದ.
ಹೊಟ್ಟೆ ಬಂದಿದೆ, ನೆತ್ತಿ ಕಾಣುತ್ತದೆ.
ಟೋಕನ್ ತೆಗೆದುಕೊಳ್ಳುವಾಗ ನನ್ನ ಕಿವಿಯ ಹತ್ತಿರ ಬಗ್ಗಿ,
ಸ್ಕೂಟರಿನ ಮೇಲೆ ಕೂತ ಮಗಳಿಗೆ ಕೇಳಿಸದ ಹಾಗೆ,
"ಇದರಲ್ಲಿಯೂ ಅಪ್ಪ ಸಾಯುತ್ತಾನಾ ದೂಮಣ್ಣ?"

ನನಗೆ ಹೇಗೆ ಗೊತ್ತು?
ಕೊನೆಯ ರೀಲಿನ ಸದ್ದು ಮಾತ್ರ ಗೋಡೆ ದಾಟಿ ಬರುವುದು.
ರೀಲು ಈಗ ಇಲ್ಲವೂ ಇಲ್ಲ.

ಕುವೆಲ್ಲೊ ಕಾಯುತ್ತಿದ್ದಾರೆ.
"ಎರಡು ವಾರ" ಅಂದೆ.
ಅನ್ನುವಾಗ ಎತ್ತಿದ ಬೆರಳು ಮೂರು ಇತ್ತಂತೆ,
ಅದ್ರಾಮ ಹೇಳಿದ.
ಯಾವುದನ್ನು ನಂಬಿದರೋ, ತಲೆಯಾಡಿಸಿ ಮೆಟ್ಟಿಲು ಹತ್ತಿದರು.

ನಾನು ತಗಡಿನ ಟೋಕನ್‌ಗಳನ್ನು ತಂತಿಗೆ ಪೋಣಿಸಲು ಕೂತೆ.
ನಂಬರು ಒಂದು ಕಳೆದುಹೋಗಿ ಬಹಳ ವರ್ಷವಾಯಿತು.
ನಮ್ಮಲ್ಲಿ ಎಲ್ಲರಿಗಿಂತ ಮೊದಲು ಬಂದವನಿಗೂ
ಸಿಗುವುದು ಎರಡೇ.